ನನ್ನ ಕ್ಯಾಸೆಟ್ಟು, ಮಗನ ಸ್ಪೀಕರು

ಮೊದಲು ತೋಟದ ವರದಿ. ಮೇಲಿನ ತೋಟಕ್ಕೆ ಎರಡನೇ ಸಲದ ಮದ್ದು ಬಿಟ್ಟಾಯ್ತು, ಕೆಳಗಿನದ್ದು ಬಾಕಿ. ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟಿದ್ದೇನೆ, ಮರ ಹತ್ತುವವರಿಗೂ ಹೇಳಿಯಾಗಿದೆ. ಆದರೆ ನಾಲ್ಕು ದಿನದಿಂದ ಮಳೆ ಒಂದು ಗಂಟೆ ಪುರುಸೊತ್ತು ಕೊಡಲಿಲ್ಲ. ಹೊಳೆ ಕೆಂಪಾಗಿ ಹರಿಯುತ್ತಾ ಉಂಟು. 2022ರ ಆಗಸ್ಟ್ 1ರ ರಾತ್ರಿಯನ್ನು ಕಂಡ ನಮಗೆ ಇಂಥ ಮಳೆ ಬಂದರೆ ಕಣ್ಣು ಮುಚ್ಚುವುದಿಲ್ಲ. ಕರೆಂಟು ಸೋಮವಾರ ಹೋದದ್ದು. ಕೆಳಗಿನ ತೋಟದಲ್ಲಿ ಕೊಳೆ ಶುರುವಾಗಿದೆ, ಬೆಳಿಗ್ಗೆ ಹೋದರೆ ಬುಡದಲ್ಲಿ ಬಿದ್ದ ಕಾಯಿ ಕಾಣ್ತದೆ. ಏನೂ ಮಾಡುವ ಹಾಗಿಲ್ಲ. ಚಾವಡಿಯಲ್ಲಿ ಕೂತು ಕಳೆದ ವರ್ಷದ ಒಣ ಅಡಿಕೆ ಸುಲಿಯುವುದೊಂದೇ ಕೆಲಸ.

ಹಾಗಾಗಿ ಈ ಸಲ ತೋಟದ ವಿಷಯ ಕಡಿಮೆ, ಹಾಡಿನ ವಿಷಯ ಬರೆಯುತ್ತೇನೆ. ಬೇಡ ಅನ್ನಿಸಿದವರು ಇಲ್ಲಿಗೇ ನಿಲ್ಲಿಸಬಹುದು, ನನಗೆ ಬೇಸರ ಇಲ್ಲ.

ಶುರುವಾದದ್ದು ಈ ಅಡಿಕೆ ಸುಲಿಯುವಲ್ಲಿಯೇ. ಕಳೆದ ತಿಂಗಳು ಒಂದು ಸಂಜೆ ಮಗ ತನ್ನ ಸಣ್ಣ ಸ್ಪೀಕರು ತಂದು ಪಕ್ಕದಲ್ಲಿಟ್ಟು ಹಾಡು ಹಾಕಿದ. ಗಿಟಾರು ಶುರುವಾಯ್ತು. ಏನೋ ಇಂಗ್ಲಿಷ್ ಹಾಡು ಅಂತ ಸುಮ್ಮನಿದ್ದೆ. ಸ್ವಲ್ಪ ಹೊತ್ತಲ್ಲಿ ಶಬ್ದ ಕಿವಿಗೆ ಬಿತ್ತು. ಇದು ನಮ್ಮ ಶಿಶುನಾಳ ಷರೀಫಜ್ಜನ ಗುಡುಗುಡಿಯ ಹಾಡು! ಹಾಡುವವರು ರಘು ದೀಕ್ಷಿತ್ ಅಂತ ಮಗ ಹೇಳಿದ. ಹೋಗ್ತಾ ಹೋಗ್ತಾ ಡ್ರಮ್ಸು, ಪಿಟೀಲು ಎಲ್ಲ ಸೇರಿ ಜಾತ್ರೆಯೇ ಆಯ್ತು. ನನಗೆ ಎಲ್ಲಿತ್ತೋ ಸಿಟ್ಟು. "ಇದೆಂತ ಬೊಬ್ಬೆ? ತತ್ವಪದವನ್ನು ಡ್ಯಾನ್ಸಿನ ಹಾಡು ಮಾಡಿ ಹಾಳು ಮಾಡಿದ್ದಾರೆ. ನಿಲ್ಲಿಸು ಅದನ್ನು" ಅಂದೆ.

ಅವನು ಒಂದು ಮಾತು ಆಡಲಿಲ್ಲ. ಸ್ಪೀಕರು ಎತ್ತಿಕೊಂಡು ಒಳಗೆ ಹೋದ.

ಸತ್ಯ ಹೇಳಬೇಕೆಂದರೆ ಆ ಸಿಟ್ಟು ಪೂರ್ತಿ ಹಾಡಿನದ್ದಲ್ಲ. ಹಿಂದಿನ ದಿನವೇ ನಮ್ಮೊಳಗೆ ಮಾತಾಗಿತ್ತು. ಈ ಪುಟ ಓದುವವರಿಗೆ ಗೊತ್ತುಂಟು, ನಮ್ಮ ಕೆಳಗಿನ ತೋಟಕ್ಕೆ ಹಳದಿ ಎಲೆ ರೋಗ ಬಂದು ಆರು ವರ್ಷ ಆಯ್ತು. ಸೋಗೆ ತುದಿಯಿಂದ ಹಳದಿ ಆಗ್ತದೆ, ತಲೆ ಸಣ್ಣ ಆಗ್ತದೆ, ನಿಂತ ಕಾಯಿ ಒಡೆದು ನೋಡಿದರೆ ಒಳಗೆ ಗಟ್ಟಿಯೇ ಇಲ್ಲ. ಇದಕ್ಕೆ ಮದ್ದಿಲ್ಲ ಅಂತ ಸಂಪಾಜೆ, ಅರಂತೋಡಿನವರಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು. ಬೆಂಗಳೂರಿನ ಕೆಲಸ ಬಿಟ್ಟು ಮನೆಗೆ ಬಂದ ಮಗನಿಗೆ ಆ ಸಾಲುಗಳನ್ನು ಕಡಿದು ಕಾಫಿ, ಜಾಯಿಕಾಯಿ ಇಡಬೇಕೆಂದು ಆಸೆ. ನಾನು ಹೇಳಿದ್ದು: "ಅದು ಅಪ್ಪ ಇಟ್ಟ ತೋಟ. ನಾನು ಇರುವವರೆಗೆ ಅದಕ್ಕೆ ಕತ್ತಿ ತಾಗಬಾರದು." ಮಾರನೇ ದಿನ ಹಾಡಿನ ಮೇಲೆ ಬಿದ್ದದ್ದು ಅದೇ ಸಿಟ್ಟಿನ ಬಾಕಿ.

ಹತ್ತು ದಿನ ಮಾತಿಲ್ಲ. ಊಟಕ್ಕೆ ಕೂತರೆ ಮಳೆಯ ಶಬ್ದ ಮಾತ್ರ. "ನೀವಿಬ್ಬರು ಮಾತಾಡದಿದ್ದರೆ ನಡುವಿನಲ್ಲಿ ಸಾಯುವುದು ನಾನು" ಅಂತ ಮನೆಯವಳು ಇಬ್ಬರಿಗೂ ಕೇಳುವ ಹಾಗೆ ಹೇಳಿದಳು.

ಆ ಹತ್ತು ದಿನದಲ್ಲಿ ನನಗೆ ಅಪ್ಪನ ನೆನಪು ಬಂತು.

‘ಸಂತ ಶಿಶುನಾಳ ಷರೀಫ’ ಸಿನಿಮಾ ಬಂದದ್ದು 1990ರಲ್ಲಿ. ಟಿ.ಎಸ್. ನಾಗಾಭರಣರ ನಿರ್ದೇಶನ. ಷರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್. ರಾಷ್ಟ್ರೀಯ ಭಾವೈಕ್ಯದ ಸಿನಿಮಾ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು. ನಾನು ಸಿನಿಮಾ ನೋಡಿದ್ದು ಎಷ್ಟೋ ವರ್ಷದ ನಂತರ, ಟಿವಿಯಲ್ಲಿ. ಹಾಡು ಮಾತ್ರ ಮೊದಲೇ ಮನೆಗೆ ಬಂದಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ತೋಟದ ಕೆಲಸಕ್ಕೆ ನಿಂತ ಸಮಯ. ಪುತ್ತೂರಿಗೆ ಅಡಿಕೆ ಕೊಡಲು ಹೋದಾಗ ಸಿ. ಅಶ್ವತ್ಥರ ಕ್ಯಾಸೆಟ್ಟು ತೆಗೆದುಕೊಂಡೆ. ಅಡಿಕೆ ದುಡ್ಡಿನಲ್ಲಿ ಅಪ್ಪನಿಗೆ ಹೇಳದೆ ಮಾಡಿದ ಮೊದಲ ಖರ್ಚು ಅದು. ಮನೆಯಲ್ಲಿ ಮಾವ ಕೊಟ್ಟ ಟೇಪ್ ರೆಕಾರ್ಡರ್ ಇತ್ತು. ಬ್ಯಾಟರಿ ಮುಗಿಯುತ್ತಾ ಬಂದಾಗ ಅಶ್ವತ್ಥರ ಆ ತಾರಕದ ಸ್ವರವೂ ಜ್ವರ ಬಂದವರ ಹಾಗೆ ಇಳಿಯುತ್ತಿತ್ತು. ಟೇಪು ಸುತ್ತಿಕೊಂಡರೆ ಪೆನ್ಸಿಲು ಹಾಕಿ ತಿರುಗಿಸುವುದು. ಮನೆ ಮಾಳಿಗೆ ಸೋರುವ ಹಾಡು ಬಂದಾಗ ಅಮ್ಮ ನಮ್ಮ ಮಾಡಿನ ಓಡು ನೋಡಿ ನಗುತ್ತಿದ್ದಳು. ಕೆಳಗೆ ಪಾತ್ರೆ ಇಟ್ಟು, ಅದಕ್ಕೆ ನೀರು ಬೀಳುವ ಶಬ್ದದೊಟ್ಟಿಗೆ ಆ ಹಾಡು ಕೇಳಿದವರು ನಾವು.

ಅಪ್ಪ ಊರಿನ ಭಜನೆಯಲ್ಲಿ ಹಾಡುತ್ತಿದ್ದವರು. ಒಂದು ಹಾರ್ಮೋನಿಯಂ, ಎರಡು ಜೋಡಿ ತಾಳ, ಅಷ್ಟೇ. ಅಶ್ವತ್ಥರನ್ನು ಮೊದಲ ಸಲ ಕೇಳಿ ಅಪ್ಪ ಹೇಳಿದ್ದು ನನಗೆ ಈಗ ಚೆನ್ನಾಗಿ ನೆನಪಾಗ್ತದೆ: "ಇದು ಭಜನೆಯೋ ಜಗಳವೋ? ತತ್ವಪದ ಹೀಗೆ ಬೊಬ್ಬೆ ಹೊಡೆದು ಹಾಡುವುದಲ್ಲ."

"ಹಾಗಾದರೆ ಹೇಗೆ?" ಅಂತ ಕೇಳಿದ್ದೆ, ಸ್ವಲ್ಪ ಉದ್ಧಟತನದಿಂದಲೇ.

ಅಪ್ಪ ಸಣ್ಣವರಿದ್ದಾಗ ಇಲ್ಲಿ ರಸ್ತೆ ಕೆಲಸಕ್ಕೆ ಧಾರವಾಡ ಕಡೆಯವರು ಬಂದು ಬಿಡಾರ ಹಾಕಿದ್ದರಂತೆ. ಅವರಲ್ಲಿ ಒಬ್ಬ ಮುದುಕ ರಾತ್ರಿ ಊಟ ಆದ ಮೇಲೆ ದಮ್ಮಡಿ ಬಡಿಯುತ್ತಾ ಇದೇ ಪದಗಳನ್ನು ಹಾಡುತ್ತಿದ್ದನಂತೆ, ತನಗೆ ತಾನೇ ಹೇಳಿಕೊಂಡ ಹಾಗೆ, ನಿಧಾನಕ್ಕೆ. "ಅದು ಷರೀಫರ ಹಾಡು. ಇದು ಬೆಂಗಳೂರಿನದ್ದು" ಅಂದರು ಅಪ್ಪ. ನನಗೆ ಸಿಟ್ಟು ಬಂದು ಎರಡು ದಿನ ಟೇಪ್ ರೆಕಾರ್ಡರ್ ಹಾಕಲಿಲ್ಲ.

ನೋಡಿ ಮಾರಾಯ್ರೆ, "ಬೊಬ್ಬೆ" ಎಂಬ ಶಬ್ದ ಕೂಡ ಅದೇ. ಮೂವತ್ತು ಚಿಲ್ಲರೆ ವರ್ಷದ ಮೇಲೆ ಅಪ್ಪನ ಬಾಯಿಯಿಂದ ಬಂದದ್ದು ನನ್ನ ಬಾಯಿಯಿಂದ ಬಂತು. ನಾನು ಯಾವುದನ್ನು ಅಸಲಿ ಅಂತ ಹಿಡಿದುಕೊಂಡು ಮಗನನ್ನು ಬೈದೆನೋ ಅದನ್ನು ಅಪ್ಪ ನಕಲಿ ಅಂತ ಬದಿಗಿಟ್ಟಿದ್ದರು.

ಸರಿಯಾಗಿ ಯೋಚಿಸಿದರೆ ಅಪ್ಪನ ಮಾತಿನಲ್ಲಿ ಹುರುಳುಂಟು. ಷರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ. ತೀರಿಕೊಂಡದ್ದು 1889ರಲ್ಲಿ. ಸ್ವಲ್ಪ ಕಾಲ ಶಾಲೆಯಲ್ಲಿ ಮಾಸ್ತರಾಗಿದ್ದರು. ಕಳಸದ ಗೋವಿಂದ ಭಟ್ಟರು ಗುರು. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು, ಇಬ್ಬರಿಗೂ ಅವರವರ ಕಡೆಯವರ ಬೈಗುಳ. ಹಾಡಿದ್ದನ್ನು ಪುಸ್ತಕ ಮಾಡಿ ಮಾರಿದವರಲ್ಲ. ಹುಕ್ಕಾ, ಸೋರುವ ಮಾಡು, ಕೋಳಿ, ಮಂಗ, ಹೀಗೆ ಕಣ್ಣಿಗೆ ಬಿದ್ದದ್ದನ್ನು ಹಿಡಿದು ಒಳಗಿನ ಮಾತು ಹೇಳಿದವರು. ಗುಡುಗುಡಿಯ ಹಾಡೂ ಹುಕ್ಕಾ ಸೇದುವ ನೆಪದಲ್ಲಿ ಒಳಗಿನ ಕಸ ಸುಟ್ಟು ಹೊಗೆ ಮಾಡು ಅಂತ ಹೇಳುವಂಥದ್ದು. ಕೇಳಿದವರು ಕಲಿತರು, ಅವರಿಂದ ಇನ್ನೊಬ್ಬರು. ಬಾಯಿಂದ ಬಾಯಿಗೆ ನೂರು ವರ್ಷ ಬಂತು. ಧಾಟಿ ಇಂಥದ್ದೇ ಅಂತ ಷರೀಫರು ಎಲ್ಲಿ ಬರೆದಿಟ್ಟಿದ್ದಾರೆ? ಅವರ ಸ್ವರ ಯಾವ ಟೇಪಿನಲ್ಲಿ ಉಂಟು?

ಮತ್ತೆ ಆ ಹಾಡುಗಳನ್ನು ಸಂಪಾದಿಸಿ ಎಲ್ಲರ ಕೈಗೆ ಸಿಗುವ ಹಾಗೆ ಮಾಡಿದವರಲ್ಲಿ ಮುಖ್ಯರು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಅವರಿಗೆ ‘ಷರೀಫ್ ಭಟ್ಟ’ ಅಂತಲೇ ಹೆಸರು ಬಿತ್ತು. 2021ರಲ್ಲಿ ತೀರಿಕೊಂಡರು. ಷರೀಫರಿಗೆ ಎರಡೂ ಸಲ ಭಟ್ಟರೇ ಸಿಕ್ಕಿದ್ದು ನೋಡಿ. ಆ ಹಾಡುಗಳಿಗೆ ರಾಗ ಹಾಕಿ ಹಾಡಿದವರು ಅಶ್ವತ್ಥರು, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಕಾರ್ಖಾನೆ ಕೆಲಸದ ಒಟ್ಟಿಗೆ ಇಷ್ಟು ಮಾಡಿದರು. ದಮ್ಮಡಿಯ ಜಾಗಕ್ಕೆ ತಬಲಾ ಬಂತು, ವಾದ್ಯಮೇಳ ಬಂತು, ಹಿಂದಿನಿಂದ ಹತ್ತು ಜನ ಸೇರಿ ಹಾಡುವುದು ಬಂತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಅಂತ ಕಾರ್ಯಕ್ರಮ ಮಾಡಿದಾಗ ಸೇರಿದ ಜನಸಾಗರ ಟಿವಿಯಲ್ಲಿ ಕಂಡವರು ಮರೆತಿರಲಿಕ್ಕಿಲ್ಲ. 2009ರ ಡಿಸೆಂಬರ್ 29ರಂದು, ತನ್ನ ಹುಟ್ಟಿದ ದಿನವೇ ಹೋದರು. ಅಂದರೆ ಅಶ್ವತ್ಥರು ಮಾಡಿದ್ದೂ ಮರುಹಾಡೇ. ನನ್ನ ಪ್ರಾಯದವರಿಗೆ ಅದೇ ಮೊದಲು ಕಿವಿಗೆ ಬಿದ್ದದ್ದರಿಂದ ಅದೇ ಮೂಲ ಅನ್ನಿಸಿತು.

ನಮಗೆ ಈ ವಿಷಯ ಹೊಸತಲ್ಲವಲ್ಲ. ಆಟ ನೋಡಿದವರು ಯೋಚಿಸಿ. ಪಾರ್ತಿಸುಬ್ಬನ ಪದ್ಯ ಒಂದೇ. ಬಲಿಪ ನಾರಾಯಣ ಭಾಗವತರು ಹೇಳಿದರೆ ಒಂದು ಗತ್ತು, ಪದ್ಯಾಣ ಗಣಪತಿ ಭಟ್ಟರು ಆ ಏರು ಶ್ರುತಿಯಲ್ಲಿ ಎತ್ತಿದರೆ ಇನ್ನೊಂದು. ಇಬ್ಬರೂ ಈಗ ಇಲ್ಲ. ಬಲಿಪರದ್ದೇ ಸರಿ, ಉಳಿದವರದ್ದೆಲ್ಲ ಸಿನಿಮಾ ಅಂತ ವಾದ ಮಾಡುತ್ತಾ ಬೆಳಗಿನ ಜಾವ ಟಾರ್ಚ್ ಹಿಡಿದು ಗುಡ್ಡ ಹತ್ತಿದ ದಿನಗಳು ನನಗೆ ನೆನಪುಂಟು. ಆದರೆ ಪದ್ಯ ಹಾಳಾಯ್ತು ಅಂತ ಆಟ ನೋಡುವುದನ್ನು ಬಿಟ್ಟವರು ಯಾರೂ ಇಲ್ಲ. ಮಾರನೇ ವಾರ ಅದೇ ಪ್ರಸಂಗಕ್ಕೆ ಮತ್ತೆ ಹೋಗುವುದೇ.

ಹನ್ನೊಂದನೇ ದಿನ ರಾತ್ರಿ ಕರೆಂಟು ಇರಲಿಲ್ಲ. ಚಿಮಿಣಿ ದೀಪ ಇಟ್ಟು ಅಡಿಕೆ ಸುಲಿಯುತ್ತಾ ಇದ್ದೆ. ಮಗ ಬಂದು ಎದುರು ಕೂತ. ನಾನೇ ಕೇಳಿದೆ: "ನಿನ್ನ ಆ ಗುಡುಗುಡಿ ಉಂಟಾ ಇನ್ನೂ?"

"ಉಂಟು ಅಪ್ಪ. ಸ್ಪೀಕರಿನಲ್ಲಿ ಚಾರ್ಜ್ ಇಲ್ಲ. ಇದನ್ನು ಕಿವಿಗಿಡಿ" ಅಂತ ಇಯರ್‌ಫೋನ್ ಕೊಟ್ಟ.

ಮೂರು ಸಲ ಕೇಳಿದೆ. ಕಿವಿಯೊಳಗೆ ಹಾಕಿ ಕೇಳುವುದಕ್ಕೂ ಚಾವಡಿಯಲ್ಲಿ ಕೇಳುವುದಕ್ಕೂ ವ್ಯತ್ಯಾಸ ಉಂಟು. ಮೊದಲ ಸಲ ಗಿಟಾರು ಮಾತ್ರ ಕೇಳಿತು. ಎರಡನೇ ಸಲ ಶಬ್ದ ಕೇಳಿತು. ಒಂದು ಶಬ್ದವನ್ನೂ ನುಂಗಿಲ್ಲ. ಕನ್ನಡ ಸ್ಪಷ್ಟ ಉಂಟು, ನಾಲಗೆ ಹೊರಳಿಸುವ ಬೆಂಗಳೂರು ಕನ್ನಡ ಅಲ್ಲ. ಮೂರನೇ ಸಲ ನನಗೆ ಆಶ್ಚರ್ಯ ಆದದ್ದು ಶುರುವಿನ ಭಾಗ. ಅಲ್ಲಿ ಗಿಟಾರಿನ ಜೊತೆ ಸಮಾಧಾನದಲ್ಲಿ ಹಾಡುವುದು ಉಂಟಲ್ಲ, ಅಪ್ಪ ಹೇಳಿದ ಆ ರಸ್ತೆ ಕೆಲಸದ ಮುದುಕ ಹಾಡಿದ್ದು ಹೀಗೇ ಇರಬಹುದಾ ಅನ್ನಿಸಿತು. ತನಗೆ ತಾನೇ ಹೇಳಿಕೊಂಡ ಹಾಗೆ. ಅಶ್ವತ್ಥರಿಗಿಂತ ಹಿಂದಕ್ಕೆ ಹೋದ ಹಾಗೆ ಆಯ್ತು ನನಗೆ. ಇದನ್ನು ಮಗನಿಗೆ ಹೇಳಲಿಲ್ಲ, ಕೂಡಲೇ ಸೋಲು ಒಪ್ಪಿಕೊಳ್ಳಬಾರದಲ್ಲ.

ಮತ್ತೆ ಅವನು ವಿಷಯ ಹೇಳುತ್ತಾ ಹೋದ. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಮೈಕ್ರೋಬಯಾಲಜಿ, ಅದರಲ್ಲಿ ಚಿನ್ನದ ಪದಕ. ಭರತನಾಟ್ಯ ಕಲಿತವರು. ಮೊದಲ ಆಲ್ಬಂ 2008ರಲ್ಲಿ ಮುಂಬೈಯ ವಿಶಾಲ್–ಶೇಖರ್ ಜೋಡಿ ಹೊರಗೆ ತಂದದ್ದು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ನಮ್ಮ ಷರೀಫಜ್ಜ ಗುಡುಗುಡಿ ಹಿಡಿದು ಕೂತಿದ್ದಾರೆ. 2013ರ ‘ಜಗ್ ಚಂಗಾ’ ಎಂಬ ಆಲ್ಬಮ್ಮಿನಲ್ಲಿ ಷರೀಫರದ್ದೇ ‘ಲೋಕದ ಕಾಳಜಿ’ ಉಂಟು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಎಂಬ ದೊಡ್ಡ ಸಂಗೀತ ಜಾತ್ರೆಗೂ ಹೋಗಿ ಬಂದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡ್ತಾರೆ ಅಂತ ಫೋಟೋ ತೋರಿಸಿದ. ಗೆಜ್ಜೆ ನೋಡಿ ನನಗೆ ಸ್ವಲ್ಪ ಗೌರವ ಬಂತು.

"ಬೇರೆಯವರ ಹಾಡು ಯಾಕೆ? ಸ್ವಂತದ್ದು ಬರೆದು ಹಾಡಲಿ" ಅಂದೆ.

"ಸ್ವಂತದ್ದೂ ಉಂಟು. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬೇರೆ ತರಹ ಹಾಡುವುದು ಎಲ್ಲ ಕಡೆ ಉಂಟು ಅಪ್ಪ" ಅಂತ ಅಮೆರಿಕಾದ ಒಂದು ಕತೆ ಹೇಳಿದ. ಹರ್ಬಿ ಹ್ಯಾನ್‌ಕಾಕ್ ಅಂತ ಜಾಝ್ ಸಂಗೀತದ ದೊಡ್ಡ ಪಿಯಾನೋ ವಾದಕರು. ಜೋನಿ ಮಿಚೆಲ್ ಅಂತ ಒಬ್ಬರು ಗಿಟಾರು ಹಿಡಿದು ತಾನೇ ಹಾಡು ಕಟ್ಟಿ ಹಾಡಿದ ಹೆಂಗಸು. ಹ್ಯಾನ್‌ಕಾಕ್ ಆಕೆಯ ಹಾಡುಗಳನ್ನು ಜಾಝ್ ಮಾಡಿ, ಬೇರೆ ಬೇರೆಯವರಿಂದ ಹಾಡಿಸಿ 2007ರಲ್ಲಿ ಆಲ್ಬಂ ತಂದರಂತೆ. ಹಾಡಿದವರಲ್ಲಿ ನೋರಾ ಜೋನ್ಸ್ ಇದ್ದಾರೆ, ಅವರು ನಮ್ಮ ಸಿತಾರಿನ ರವಿಶಂಕರರ ಮಗಳು. ಒಂದು ಹಾಡನ್ನು ಜೋನಿ ಮಿಚೆಲ್ ತಾನೇ ಬಂದು ಹಾಡಿದ್ದಾರೆ. ಮಾರನೇ ವರ್ಷ ಅಲ್ಲಿಯ ಗ್ರ್ಯಾಮಿಯಲ್ಲಿ ಆ ವರ್ಷದ ಆಲ್ಬಂ ಎಂಬ ದೊಡ್ಡ ಪ್ರಶಸ್ತಿ ಅದಕ್ಕೇ ಸಿಕ್ಕಿತು. ಬರೆದವರೇ ಬಂದು ಹಾಡಿದ ಮೇಲೆ ಯಾರು ಎಂತ ಹೇಳುವುದು? ನಮ್ಮ ಷರೀಫರಿಗೆ ಆ ಅವಕಾಶ ಇಲ್ಲ, ಅದೊಂದು ತೊಂದರೆ. ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ.

"ಅಷ್ಟು ದೂರ ಯಾಕೆ? ಕದ್ರಿ ಗೋಪಾಲನಾಥರಿಗೆ ನೀವು ಹೀಗೆ ಹೇಳಲಿಲ್ಲವಲ್ಲ" ಅಂದ ಮಗ.

ಅಲ್ಲಿ ನನ್ನ ಬಾಯಿ ಕಟ್ಟಿತು. ನಾಗಸ್ವರದವರ ಮನೆಯಿಂದ ಬಂದು, ಬ್ಯಾಂಡಿನವರ ಸ್ಯಾಕ್ಸಫೋನು ಹಿಡಿದು ಅದರಲ್ಲಿ ತ್ಯಾಗರಾಜರ ಕೀರ್ತನೆ ನುಡಿಸಿದವರು ಅವರು. 2019ರಲ್ಲಿ ತೀರಿಹೋದಾಗ ಇಡೀ ಜಿಲ್ಲೆ ಬೇಸರಪಟ್ಟಿತು. ಮಂಗಳೂರಿನ ಬಸ್ಸಿನಲ್ಲಿ ಅವರ ಕ್ಯಾಸೆಟ್ಟು ಕೇಳಿ ನಾನು ತಲೆದೂಗಿದವನೇ. ಅಮೆರಿಕಾದಲ್ಲಿ ಬೆಳೆದ ಕನ್ನಡ ಮನೆತನದ ರುದ್ರೇಶ್ ಮಹಾಂತಪ್ಪ ಅಂತ ಜಾಝ್ ಸ್ಯಾಕ್ಸಫೋನಿನವರ ಒಟ್ಟಿಗೂ 2008ರಲ್ಲಿ ಒಂದು ಆಲ್ಬಂ ನುಡಿಸಿದ್ದಾರಂತೆ, ಅದು ನನಗೆ ಗೊತ್ತಿರಲಿಲ್ಲ. ಊರಿನವರು ಹೊರಗಿನ ವಾದ್ಯ ತಂದರೆ ಹೆಮ್ಮೆ, ಮಗ ತಂದರೆ ಬೊಬ್ಬೆ. ನನ್ನ ನ್ಯಾಯ ಹಾಗಿತ್ತು.

ಎಲ್ಲ ಒಪ್ಪಿದೆ ಅಂತ ತಿಳಿಯಬೇಡಿ. ಕೊನೆ ಕೊನೆಗೆ ಡ್ರಮ್ಸು ಜೋರಾದಾಗ ಹುಕ್ಕಾದ ಹೊಗೆ ಎಲ್ಲಿ ಹೋಯ್ತು ಅಂತ ನನಗೆ ಈಗಲೂ ಗೊತ್ತಾಗುವುದಿಲ್ಲ. ಕುಣಿಯುವವರಿಗೆ ಕುಣಿತ ಸಿಗ್ತದೆ, ಅರ್ಥ ಎಷ್ಟು ಜನಕ್ಕೆ ಸಿಗ್ತದೆ? ಮಗನ ಹತ್ತಿರ ಅದನ್ನೇ ಕೇಳಿದೆ. "ಗುಡುಗುಡಿ ಅಂದರೆ ಎಂತ, ಹೇಳು ನೋಡುವ?" ಅವನು ಹುಕ್ಕಾ ಅಂದ. ಅದರಾಚೆ? ಸ್ವಲ್ಪ ತಡವರಿಸಿ, ದೇಹ ಅಂತಿರಬೇಕು ಅಂದ. ಪರವಾಗಿಲ್ಲ, ಪಾಸ್ ಮಾರ್ಕು ಕೊಟ್ಟೆ. ನಾನು ಅವನ ಪ್ರಾಯದಲ್ಲಿ ಅಶ್ವತ್ಥರ ಸ್ವರಕ್ಕೆ ಮರುಳಾದವನೇ ಹೊರತು ಅರ್ಥ ಕೇಳಿದವನಲ್ಲ. ಮಾಳಿಗೆ ಸೋರುವುದು ಅಂದರೆ ಓಡು ಒಡೆದದ್ದಲ್ಲ ಅಂತ ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ, ಅಪ್ಪ ಹೋದ ವರ್ಷ. ಆ ಹೊತ್ತಿಗೆ ಹಾಡು ಬಾಯಿಗೆ ಬರುತ್ತಿತ್ತು, ಅದಕ್ಕೆ ಹೊಳೆಯಿತು.

ಕಾಳುಮೆಣಸಿನವರಿಗೆ ಒಂದು ಮಾತು. ನಾವು ಹಿಪ್ಪಲಿ ಗಿಡಕ್ಕೆ ಪಣಿಯೂರು ಕಸಿ ಕಟ್ಟುತ್ತೇವಲ್ಲ. ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆಯಬಾರದು ಅಂತ. ಅಲ್ಲಿ ಬೇರು ಒಂದರದ್ದು, ಬಳ್ಳಿ ಇನ್ನೊಂದರದ್ದು. ಕೊಯ್ಯುವಾಗ ಮೆಣಸು ಮೆಣಸೇ. ಆದರೆ ಎಲ್ಲ ಕಸಿಯೂ ಹಿಡಿಯುವುದಿಲ್ಲ, ಕೆಲವು ನಾಲ್ಕು ವರ್ಷ ಚೆನ್ನಾಗಿದ್ದು ಗಂಟಿನಲ್ಲಿ ಬಿಡ್ತದೆ. ನನ್ನ ಲೆಕ್ಕದಲ್ಲಿ ಗುಡುಗುಡಿ ಹಿಡಿದ ಕಸಿ. ‘ಲೋಕದ ಕಾಳಜಿ’ಯೂ ಹಿಡಿದಿದೆ, ಅದನ್ನು ಈಗ ನಾನೇ ಹಾಕು ಅಂತ ಹೇಳುವುದುಂಟು. ಆದರೆ ಮಾಳಿಗೆಯ ಹಾಡು ಬೇಕಾದರೆ ನನಗೆ ಅಶ್ವತ್ಥರೇ ಆಗಬೇಕು, ಕೋಡಗದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರೇ. ಇದರಲ್ಲಿ ವಾದ ಬೇಡ.

ಆ ರಾತ್ರಿ ಮಗ ಇನ್ನೊಂದು ಕೆಲಸ ಮಾಡಿದ. ಅಟ್ಟದಲ್ಲಿದ್ದ ನನ್ನ ಹಳೇ ಕ್ಯಾಸೆಟ್ಟಿನ ಡಬ್ಬ ಇಳಿಸಿ ತಂದ. ಹೆಚ್ಚಿನದ್ದಕ್ಕೆಲ್ಲ ಬೂಷ್ಟು ಹಿಡಿದಿದೆ, ನಮ್ಮ ಮಳೆಯಲ್ಲಿ ಕಬ್ಬಿಣವೇ ಉಳಿಯುವುದಿಲ್ಲ. ಷರೀಫರ ಕ್ಯಾಸೆಟ್ಟಿನ ಟೇಪು ಒಂದಕ್ಕೊಂದು ಅಂಟಿಕೊಂಡಿತ್ತು. ಹೊದಿಕೆಯ ಮೇಲೆ ನನ್ನ ಅಕ್ಷರದಲ್ಲಿ ಹೆಸರು ಬರೆದದ್ದು ಮಾತ್ರ ಕಾಣ್ತದೆ. ಅದೇ ಹಾಡುಗಳನ್ನು ಅವನು ಮೊಬೈಲಿನಲ್ಲಿ ಇಳಿಸಿಕೊಂಡಿದ್ದಾನೆ, ಅಶ್ವತ್ಥರದ್ದೂ, ರಘು ಅವರದ್ದೂ. ಈಗ ಸಂಜೆ ಒಂದು ಅವನದ್ದು, ಒಂದು ನನ್ನದು. ಮನೆಯವಳಿಗೆ ಎರಡೂ ಬೇಡ, ಅವಳಿಗೆ ಧಾರಾವಾಹಿ ತಪ್ಪಿದ ಬೇಸರ.

ಕೆಳಗಿನ ತೋಟದ ವಿಷಯ ಕೇಳ್ತೀರಿ ಅಂತ ಗೊತ್ತು. ಮಳೆ ಬಿಟ್ಟರೆ ಮೊದಲು ಮದ್ದು. ಅದಾದ ಮೇಲೆ ಹೊಳೆ ಬದಿಯ ಎರಡು ಸಾಲಿನಲ್ಲಿ ಪೂರ್ತಿ ತಲೆ ಕಟ್ಟಿಕೊಂಡ ಮರಗಳಿಗೆ ಸುಣ್ಣದ ಗುರುತು ಹಾಕುವುದು ಅಂತ ಮಾತಾಗಿದೆ. ಮಗ ಎಣಿಸಿಟ್ಟಿದ್ದಾನೆ, 46 ಮರ. ನಾನು ಎಣಿಸಿದರೆ 38. ಗುರುತು ಹಾಕುವುದಕ್ಕೆ ಮಾತ್ರ ಒಪ್ಪಿದ್ದು, ಕಡಿಯುವುದಕ್ಕೆ ನಾನು ಇನ್ನೂ ಹೂಂ ಅಂದಿಲ್ಲ. ಜಾಯಿಕಾಯಿಯ ಒಳ್ಳೆ ಕಸಿ ಗಿಡ ಹತ್ತಿರದಲ್ಲಿ ಯಾರ ಹತ್ತಿರ ಉಂಟು ಅಂತ ಗೊತ್ತಿದ್ದವರು ಕೆಳಗೆ ಬರೆಯಿರಿ.